ಕಲಾಯಿ ತಗಡಿನ ಮೇಲೆ ಫಾರ್ಮೇಟ್: ಕಾರವಾರದ ನೀರು, ಹವೆಯಲ್ಲಿ ಕಟ್ಟಿದ ಒಂದು ಸೆಲ್‌ನ ದಾಖಲೆ

ತಾಮ್ರದ ತಗಡಿಗೆ ಕಲಾಯಿ ಹಾಕಿ, ಇಂಗಾಲದ ಡೈಆಕ್ಸೈಡ್ ಕರಗಿದ ನೀರಿನಲ್ಲಿ ಮುಳುಗಿಸಿ, ಬ್ಯಾಟರಿಯ ಋಣ ತುದಿಗೆ ಸಿಕ್ಕಿಸಿದರೆ ಫಾರ್ಮಿಕ್ ಆಸಿಡ್ಡಿನ ಲವಣರೂಪವಾದ ಫಾರ್ಮೇಟ್ ಹುಟ್ಟುತ್ತದೆ. ಹೇಳಲು ಇಷ್ಟೇ. ಆದರೆ ಅದೇ ತಗಡು ಅದೇ ನೀರಿನಲ್ಲಿ ಬರೀ ಹೈಡ್ರೋಜನ್ ಗುಳ್ಳೆ ಬಿಡುತ್ತಾ ಕೂರುವುದೂ ಅಷ್ಟೇ ಸುಲಭ. ಈ ದಾಖಲೆಯ ಮುಕ್ಕಾಲು ಪಾಲು ಎರಡನೆಯದನ್ನು ತಡೆಯುವ ಬಗ್ಗೆಯೇ ಇದೆ.

ಇಂಗಾಲದ ಡೈಆಕ್ಸೈಡಿನಿಂದಲೇ ಮಾಡಬಹುದಾದ ಮೆಥನಾಲ್ ಬಿಟ್ಟು ಫಾರ್ಮೇಟ್ ಏಕೆಂದರೆ, ತಾಮ್ರ ಮತ್ತು ಸತುವಿನ ಆಕ್ಸೈಡ್ ಸೇರಿದ ಕ್ಯಾಟಲಿಸ್ಟ್ (ಕ್ರಿಯೆಗೆ ವೇಗ ಕೊಡುವ ವಸ್ತು) ಮೇಲೆ ಮೆಥನಾಲ್ ಮಾಡಲು 200ರಿಂದ 300 ಡಿಗ್ರಿ ಶಾಖ, 50 ಬಾರ್‌ಗಿಂತ ಹೆಚ್ಚಿನ ಒತ್ತಡ, ಜೊತೆಗೆ ಬೇರೆಯಾಗಿ ತಯಾರಿಸಿದ ಹೈಡ್ರೋಜನ್ ಬೇಕು. ಅದು ಮೇಜಿನ ಮೇಲಿನ ಕೆಲಸವಲ್ಲ. ಫಾರ್ಮೇಟಿಗೆ ಕೋಣೆಯ ಶಾಖ, ಕೋಣೆಯ ಒತ್ತಡ ಸಾಕು. ಒಂದು ಅಣುವಿಗೆ ಎರಡೇ ಎಲೆಕ್ಟ್ರಾನ್. ಹುಟ್ಟಿದ್ದು ನೀರಿನಲ್ಲೇ ಉಳಿಯುವುದರಿಂದ ಬ್ಯೂರೆಟ್ ಇದ್ದರೆ ಅಳೆಯಬಹುದು. ಸುಳ್ಯ, ಪುತ್ತೂರು ಕಡೆ ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಸುರಿಯುವ ಫಾರ್ಮಿಕ್ ಆಸಿಡ್ ಇದರ ಆಮ್ಲರೂಪ. ಚರ್ಮ ಹದ ಮಾಡುವಲ್ಲಿ, ಹಸಿರು ಮೇವು ಕೆಡದಂತೆ ಇಡುವಲ್ಲಿಯೂ ಅದೇ ಬಳಕೆಯಾಗುತ್ತದೆ.

ಯಾವ ಲೋಹದ ಮೇಲೆ ಏನು ಹುಟ್ಟುತ್ತದೆ ಎಂಬುದನ್ನು ಜಪಾನಿನ ಯೋಶಿಯೋ ಹೋರಿ ಮತ್ತು ಸಂಗಡಿಗರು 1985ರಿಂದ ಒಂದೊಂದಾಗಿ ಅಳೆದು ವಿಂಗಡಿಸಿದರು. ಚಿನ್ನ, ಬೆಳ್ಳಿ, ಸತುವಿನ ಮೇಲೆ ಕಾರ್ಬನ್ ಮಾನಾಕ್ಸೈಡ್. ತಾಮ್ರದ ಮೇಲೆ ಮೀಥೇನ್, ಎಥಿಲೀನ್. ತವರ, ಸೀಸ, ಇಂಡಿಯಂ ಮೇಲೆ ಫಾರ್ಮೇಟ್. ಕಬ್ಬಿಣ, ನಿಕ್ಕಲ್, ಪ್ಲಾಟಿನಂ ಮೇಲೆ ಹೆಚ್ಚುಕಡಿಮೆ ಬರೀ ಹೈಡ್ರೋಜನ್. ಈ ಕೊನೆಯ ಸಾಲನ್ನು ನೆನಪಿಡಿ. ಕರಾವಳಿಯ ಕೆಂಪು ಮಣ್ಣಿನಲ್ಲಿ ಕೆಲಸ ಮಾಡುವವರಿಗೆ ಮುಂದೆ ಕಾಡುವುದು ಅದೇ.

ಮೊದಲು ಕ್ಯಾಥೋಡ್, ಅಂದರೆ ಋಣ ತುದಿಗೆ ಸಿಕ್ಕಿಸುವ ತಗಡು. 24 ಗೇಜಿನ ತಾಮ್ರದ ತಗಡಿನಿಂದ 2.5 ಸೆಂ.ಮೀ. ಅಗಲ, 4 ಸೆಂ.ಮೀ. ಉದ್ದದ ತುಂಡು ಕತ್ತರಿಸಿ. ಮೇಲೆ 6 ಸೆಂ.ಮೀ. ಉದ್ದದ ಬಾಲ ಅದೇ ತಗಡಿನಲ್ಲೇ ಉಳಿದಿರಲಿ, ಬೆಸುಗೆ ಬೇಡ. ಕಲಾಯಿ ಹಾಕುವುದು ಹಂಡೆ, ಪಾತ್ರೆಗೆ ಹಾಕುವ ರೀತಿಯಲ್ಲೇ: ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು ಒಣಗಿಸಿ, ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಹೊಗೆ ಏಳುತ್ತಿರುವಾಗಲೇ ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದೇ ದಿಕ್ಕಿಗೆ ಎಳೆಯಬೇಕು. ಆ ಬಿಳಿ ಹೊಗೆ ಗಂಟಲಿಗೆ ಹಿಡಿಯುತ್ತದೆ, ಅಂಗಳದಲ್ಲೇ ಮಾಡಿ. ಶಿರಸಿ, ಕುಮಟಾ ಪೇಟೆಯಲ್ಲಿ ಕಲಾಯಿಯವರು ಸಿಕ್ಕರೆ ಕೆಲಸ ಅವರಿಗೇ ಕೊಡುವುದು ಲೇಸು. ಅವರ ಕೈಯ ಒಂದೆಳೆತಕ್ಕೆ ಬರುವ ಸಮತಟ್ಟು ಹೊಸಬರ ಹತ್ತು ಎಳೆತಕ್ಕೂ ಬರುವುದಿಲ್ಲ. ಆದರೆ ತವರ ಮಾತ್ರ ನೀವೇ ಕೊಡಿ.

ಕಾರಣ ಸೀಸ. ಅಗ್ಗದ ಕಡ್ಡಿಯಲ್ಲಿ ಸೀಸ ಬೆರೆತಿರುವುದುಂಟು. ಸೀಸದ ಮೇಲೂ ಫಾರ್ಮೇಟ್ ಹುಟ್ಟುವುದರಿಂದ ಅಳತೆ ನೋಡಿ ಅನುಮಾನ ಬರುವುದಿಲ್ಲ. ಆದರೆ ದ್ರಾವಣ ವಿಷವಾಗುತ್ತದೆ, ಫಲಿತಾಂಶ ಯಾವ ಲೋಹದ್ದೆಂದು ಹೇಳಲಾಗುವುದಿಲ್ಲ. ಪರೀಕ್ಷೆ ಎರಡಿವೆ. ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿ. ಶುದ್ಧ ತವರ ಕಿರಗುಟ್ಟುತ್ತದೆ, ಒಳಗೆ ಹರಳುಗಳ ಜೋಡಣೆ ತಟ್ಟನೆ ಮಗುಚುವ ಸದ್ದು ಅದು. ಸೀಸ ಹೆಚ್ಚು ಬೆರೆತದ್ದು ಸದ್ದಿಲ್ಲದೆ ಬಾಗುತ್ತದೆ. ಇದು ಸಾಲದಿದ್ದರೆ 20 ಗ್ರಾಂ ಕರಗಿಸಿ, ಮಲ್ಟಿಮೀಟರಿನ ಥರ್ಮೋಕಪಲ್ ಅದ್ದಿ, ತಣಿಯುವಾಗ ಪ್ರತಿ ಹತ್ತು ಸೆಕೆಂಡಿಗೆ ಶಾಖ ಬರೆದುಕೊಳ್ಳಿ. ಶುದ್ಧ ತವರ 232 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಕದಲದೆ ನಿಲ್ಲುತ್ತದೆ. ಬೆಸುಗೆಯ ತವರ 183 ಡಿಗ್ರಿಯಲ್ಲಿ ನಿಲ್ಲುತ್ತದೆ. 183ರ ಹತ್ತಿರ ಎಲ್ಲಾದರೂ ಮೆಟ್ಟಿಲು ಕಂಡರೆ ಆ ಕಡ್ಡಿ ಬೇಡ.

ಕಲಾಯಿಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದರೆ ತಾಮ್ರ ಹೊರಗಿಣುಕಿ ತನ್ನದೇ ಕೆಲಸ ಶುರುಮಾಡುತ್ತದೆ. ಕಲಾಯಿ ತಂತಿಯನ್ನು ಪರೀಕ್ಷಿಸುವ ಪರ್ಸಲ್ಫೇಟ್ ವಿಧಾನ ಇಲ್ಲಿಗೂ ಆಗುತ್ತದೆ: ಒಂದು ಶೇಕಡಾ ಅಮೋನಿಯಂ ಪರ್ಸಲ್ಫೇಟ್ ದ್ರಾವಣಕ್ಕೆ ಸ್ವಲ್ಪ ಅಮೋನಿಯಾ ಬೆರೆಸಿ ತಗಡನ್ನು ಹತ್ತು ನಿಮಿಷ ಅದ್ದಿಡಿ. ನೀರು ನೀಲಿಗೆ ತಿರುಗಿದರೆ ತಾಮ್ರ ಬೆತ್ತಲಾಗಿದೆ, ಮತ್ತೆ ಕಲಾಯಿಗೆ ಕಳಿಸಿ. ಬಾಲದ ಬರಿ ತಾಮ್ರ ಇದಕ್ಕೆ ತಾಗಬಾರದು, ತಾಗಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ.

ಇನ್ನು ಎಲ್ಲರೂ ಮಾಡುವ ತಪ್ಪು. ತಗಡು ಫಳಫಳ ಹೊಳೆಯಲಿ ಎಂದು ಕೊನೆಗೆ ಆಸಿಡ್‌ನಲ್ಲಿ ಅದ್ದಿ ತೆಗೆಯುತ್ತಾರೆ. ಅಲ್ಲಿಗೆ ಕ್ಯಾಟಲಿಸ್ಟ್ ಸತ್ತಂತೆ. ಫಾರ್ಮೇಟ್ ಮಾಡುವುದರಲ್ಲಿ ತವರದ ಮೇಲಿನ ತೆಳು ಆಕ್ಸೈಡ್ ಪದರದ ಪಾತ್ರ ದೊಡ್ಡದು. ಸ್ಟ್ಯಾನ್‌ಫರ್ಡ್‌ನಲ್ಲಿ ಚೆನ್ ಮತ್ತು ಕಾನನ್ 2012ರಲ್ಲಿ ತೋರಿಸಿದ್ದು ಇದನ್ನೇ: ಆಕ್ಸೈಡನ್ನು ಆಮ್ಲದಿಂದ ತಿಂದು ತೆಗೆದ ತವರದ ಮೇಲೆ ಬಹುಮಟ್ಟಿಗೆ ಹೈಡ್ರೋಜನ್ ಮಾತ್ರ ಬಂತು. ಹಾಗಾಗಿ ತೊಳೆಯುವುದು ಬಿಸಿ ನೀರಿನಲ್ಲಿ ಮಾತ್ರ, ನವಸಾಗರದ ಅಂಶ ಹೋಗುವಷ್ಟು. ಆಮೇಲೆ ಒ.ಟಿ.ಜಿ. ಒಲೆಯಲ್ಲಿ 180 ಡಿಗ್ರಿಗೆ ಆರು ಗಂಟೆ ಇಡಿ. ಬೆಳ್ಳಿ ಬಣ್ಣ ಕಂದಿ ತುಸು ಹಳದಿಯಾಗುತ್ತದೆ, ಅದು ಬೇಕಾದದ್ದೇ. ಅಗ್ಗದ ಒಲೆಯ ಗುಂಡಿ 180 ಎಂದು ತೋರಿಸಿದರೂ ಒಳಗೆ 220 ಇರಬಹುದು. 232 ದಾಟಿದರೆ ತವರ ಕರಗಿ ಕೆಳ ಅಂಚಿನಲ್ಲಿ ಮಣಿಯಾಗಿ ತೂಗುತ್ತದೆ. ಥರ್ಮೋಕಪಲ್ ಒಳಗಿರಲಿ.

ತಗಡಿನ ಬೆನ್ನು ಮತ್ತು ಬಾಲಕ್ಕೆ ಅರಾಲ್ಡೈಟ್ ಬಳಿದು ಮುಚ್ಚಿ. ಮುಖದ 10 ಚದರ ಸೆಂ.ಮೀ. ಮಾತ್ರ ತೆರೆದಿರಬೇಕು. ಬಾಲದ ತುದಿಯಲ್ಲಿ ಕ್ಲಿಪ್ ಹಿಡಿಯಲು ಒಂದು ಸೆಂ.ಮೀ. ಸಾಕು.

ಸೆಲ್ ಎಂದರೆ 10 ಮಿ.ಮೀ. ದಪ್ಪದ ಅಕ್ರಿಲಿಕ್‌ನ ಎರಡು ಡಬ್ಬಿ, ಒಳ ಅಳತೆ 5, 5, 6 ಸೆಂ.ಮೀ., ಎದುರುಬದುರು ಗೋಡೆಯಲ್ಲಿ 4 ಸೆಂ.ಮೀ. ಚೌಕದ ಕಿಂಡಿ. ನಡುವೆ 2 ಮಿ.ಮೀ. ಸಿಲಿಕೋನ್ ಹಾಳೆಯ ಎರಡು ಗ್ಯಾಸ್ಕೆಟ್, ಅವುಗಳ ಮಧ್ಯೆ ನಾಫಿಯಾನ್ 117 ಮೆಂಬ್ರೇನ್ (ಧನ ಅಯಾನುಗಳನ್ನು ದಾಟಿಸುವ ತೆಳು ಪ್ಲಾಸ್ಟಿಕ್ ಹಾಳೆ), ಹೊರಗಿನಿಂದ ಎಂಟು ಬೋಲ್ಟ್. ಮೆಂಬ್ರೇನನ್ನು ಮೊದಲು 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ, ನಂತರ ನೀರಿನಲ್ಲಿ, ನಂತರ 0.5 ಮೋಲಾರ್ ಗಂಧಕಾಮ್ಲದಲ್ಲಿ, ಕೊನೆಗೆ ಮತ್ತೆ ನೀರಿನಲ್ಲಿ, ತಲಾ ಒಂದು ಗಂಟೆ 80 ಡಿಗ್ರಿಯಲ್ಲಿ ಇಟ್ಟು, ಬೈಕಾರ್ಬನೇಟ್ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಿ. ಒದ್ದೆಯಾಗಿದ್ದಾಗಲೇ ಬಿಗಿಯಬೇಕು. ಒಣ ಹಾಳೆ ಬಿಗಿದರೆ ನೀರು ಕುಡಿದು ಹಿಗ್ಗಿ ನೆರಿಗೆ ಬೀಳುತ್ತದೆ, ನೆರಿಗೆಯ ದಾರಿಯಲ್ಲಿ ಸೋರುತ್ತದೆ.

ನಾಫಿಯಾನ್ ದುಬಾರಿ ಎಂದು ಕುಂಬಾರರ ಮಣ್ಣಿನ ಕುಡಿಕೆಯನ್ನೇ ಅಡ್ಡಗೋಡೆಯಾಗಿ ಬಳಸಿ ನೋಡಬಹುದು, ವಿದ್ಯುತ್ತೇನೋ ಹರಿಯುತ್ತದೆ. ಆದರೆ ಕೆಂಪು ಮಣ್ಣಿನ ಕೆಂಪೇ ಕಬ್ಬಿಣ. ಅದು ಕೊಂಚ ಕೊಂಚವಾಗಿ ಕರಗಿ ಕ್ಯಾಥೋಡ್ ಮೇಲೆ ಕೂರುತ್ತದೆ. ಮೇಲಾಗಿ ಫಾರ್ಮೇಟ್ ಕುಡಿಕೆಯ ರಂಧ್ರಗಳಲ್ಲಿ ನುಸುಳಿ ಧನ ತುದಿಯ ಆನೋಡ್ ತಲುಪಿ ಮತ್ತೆ ಇಂಗಾಲದ ಡೈಆಕ್ಸೈಡ್ ಆಗಿಬಿಡುತ್ತದೆ. ಮಾಡಿದ್ದನ್ನು ಮುರಿಯುವ ಕೆಲಸ.

ಆನೋಡ್‌ಗೆ ಮೊದಲು ನೆನಪಾಗುವುದು ಹಳೆಯ ಬ್ಯಾಟರಿ ಸೆಲ್‌ನ ಇಂಗಾಲದ ಕಡ್ಡಿ. ಎರಡು ಗಂಟೆಯಲ್ಲಿ ಕಪ್ಪು ಹುಡಿ ಉದುರಿಸಿ ದ್ರಾವಣವನ್ನು ಕೆಸರು ಮಾಡುತ್ತದೆ. ಸ್ಟೀಲ್ ಜಾಲರಿಯಿಂದ ಕಬ್ಬಿಣ, ನಿಕ್ಕಲ್ ಕರಗುತ್ತದೆ. ಪ್ಲಾಟಿನಂ ತಂತಿ ಕೂಡ ಅತಿ ಸಣ್ಣ ಪ್ರಮಾಣದಲ್ಲಿ ಕರಗಿ ಕ್ಯಾಥೋಡ್ ಸೇರಿದರೆ ಹೈಡ್ರೋಜನ್ ಹಬ್ಬ. ಸರಿಹೋಗುವುದು ಇರಿಡಿಯಂ ಆಕ್ಸೈಡ್ ಲೇಪಿಸಿದ ಟೈಟಾನಿಯಂ ಜಾಲರಿ, 4 ಸೆಂ.ಮೀ. ಚೌಕದ್ದು. ಕಾರವಾರದ ಬಳಿಯ ಬಿಣಗಾದಲ್ಲಿರುವಂಥ ಕಾಸ್ಟಿಕ್ ಸೋಡಾ ಕಾರ್ಖಾನೆಗಳ ಆನೋಡ್ ಕೂಡ ಲೇಪನ ಹಚ್ಚಿದ ಟೈಟಾನಿಯಂ ಜಾತಿಯದೇ. ಮೆಂಬ್ರೇನಿನ ಎರಡು ಬದಿಗೆ ಎರಡು ಕೋಣೆ ಎಂಬ ಈ ಏರ್ಪಾಡಿಗೂ ಅದಕ್ಕೂ ದಾಯಾದಿ ಸಂಬಂಧ.

ದ್ರಾವಣ 0.5 ಮೋಲಾರ್ ಪೊಟ್ಯಾಸಿಯಂ ಬೈಕಾರ್ಬನೇಟ್: 25 ಗ್ರಾಂ ಉಪ್ಪು ಕರಗಿಸಿ 500 ಮಿ.ಲೀ. ಮಾಡಿ. ಇಲ್ಲಿ ನೀರಿನದೇ ಸಮಸ್ಯೆ. ಚಿರೇಕಲ್ಲಿನ ಬಾವಿಯ ನೀರು ಕಣ್ಣಿಗೆ ತಿಳಿಯಾಗಿದ್ದರೂ ಕಬ್ಬಿಣ ತರುತ್ತದೆ. ಕಡಲಂಚಿನ ಬಾವಿಗಳಿಗೆ ಬೇಸಿಗೆಯಲ್ಲಿ ಉಪ್ಪು ಏರುತ್ತದೆ, ಆ ಕ್ಲೋರೈಡ್ ಆನೋಡ್‌ನಲ್ಲಿ ಕ್ಲೋರಿನ್ ಆಗಿ ಮೂಗಿಗೆ ಬಡಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಬಹುದು, ಆದರೆ ಪ್ರತಿ ಕ್ಯಾನನ್ನೂ ಟಿ.ಡಿ.ಎಸ್. ಮೀಟರಿನಲ್ಲಿ ನೋಡಿ. 2ಕ್ಕಿಂತ ಹೆಚ್ಚು ತೋರಿಸಿದರೆ ಅದು ಬ್ಯಾಟರಿಗೇ ಹೋಗಲಿ.

ನೀರು ಒಳ್ಳೆಯದಿದ್ದರೂ ಉಪ್ಪಿನಲ್ಲಿ ಲೋಹದ ಕಲ್ಮಶ ಇರುತ್ತದೆ. ಅದಕ್ಕೆ ಬಲಿ ಕ್ಯಾಥೋಡ್: ದ್ರಾವಣದಲ್ಲಿ ಎರಡು ಟೈಟಾನಿಯಂ ಪಟ್ಟಿ ಇಳಿಸಿ, ಚದರ ಸೆಂ.ಮೀ.ಗೆ 0.1 ಮಿಲಿ ಆಂಪಿಯರ್‌ನಂತೆ ಒಂದು ರಾತ್ರಿ ವಿದ್ಯುತ್ ಹರಿಸಿ. ಕಬ್ಬಿಣ, ಸತು, ತಾಮ್ರದ ಅಯಾನುಗಳಲ್ಲಿ ಬಹುಪಾಲು ಆ ಪಟ್ಟಿಯ ಮೇಲೆ ಕೂರುತ್ತವೆ. ಪಟ್ಟಿಯನ್ನು ಹೊರತೆಗೆದ ಮೇಲಷ್ಟೇ ಸ್ವಿಚ್ ಆರಿಸಬೇಕು. ಮೊದಲೇ ಆರಿಸಿದರೆ ಕೂತದ್ದು ಮತ್ತೆ ಕರಗುತ್ತದೆ.

ಅನಿಲಕ್ಕೆ ಸೋಡಾ ಮಾಡುವವರು ಬಳಸುವ ಆಹಾರ ದರ್ಜೆಯ ಸಿಲಿಂಡರ್ ಸಾಕು, ರೆಗ್ಯುಲೇಟರ್ ಜೊತೆಗೆ ಸೂಜಿ ವಾಲ್ವ್ ಬೇಕು. ನಿಮಿಷಕ್ಕೆ 20 ಮಿ.ಲೀ. ಸಾಕಷ್ಟಾಯಿತು. ನಾವು ಹರಿಸುವ 104 ಮಿಲಿ ಆಂಪಿಯರ್ (ಅದರ ಲೆಕ್ಕ ಮುಂದಿದೆ) ಪೂರ್ತಿ ಫಾರ್ಮೇಟಿಗೇ ಹೋದರೂ ಖರ್ಚಾಗುವುದು ನಿಮಿಷಕ್ಕೆ ಒಂದು ಮಿ.ಲೀ.ಗಿಂತ ಕೊಂಚ ಕಡಿಮೆ. ಉಳಿದದ್ದು ದ್ರಾವಣ ಕಲಕುವುದಕ್ಕೆ ಮತ್ತು ಸದಾ ತುಂಬಿಡುವುದಕ್ಕೆ. ಐದು ಗಂಟೆಯ ಒಂದು ಓಟಕ್ಕೆ ಆರು ಲೀಟರ್, ತೂಕದಲ್ಲಿ ಹನ್ನೊಂದು ಗ್ರಾಂ. ಅಘನಾಶಿನಿಯ ಬಳಚಿನ ಚಿಪ್ಪು ಮತ್ತು ಆಸಿಡ್ ಸೇರಿಸಿಯೂ ಅನಿಲ ಮಾಡಬಹುದು, ಲೆಕ್ಕಕ್ಕೆ 24 ಗ್ರಾಂ ಚಿಪ್ಪು. ಆದರೆ ಒಮ್ಮೆ ಉಕ್ಕಿ ಆಮೇಲೆ ಮಂಕಾಗುತ್ತದೆ, ಹೈಡ್ರೋಕ್ಲೋರಿಕ್ ಆಸಿಡ್ ಆವಿಯನ್ನೂ ಹೊತ್ತು ತರುತ್ತದೆ. ಸಿಟ್ರಿಕ್ ಆಸಿಡ್ ಹಾಕಿದರೆ ಚಿಪ್ಪಿನ ಮೇಲೆ ಕ್ಯಾಲ್ಸಿಯಂ ಸಿಟ್ರೇಟಿನ ಬಿಳಿ ಹೊದಿಕೆ ಕೂತು ಕೆಲಸ ನಿಲ್ಲುತ್ತದೆ. ಶಾಲೆಯ ಪ್ರದರ್ಶನಕ್ಕೆ ಚೆನ್ನ, ಐದು ಗಂಟೆಯ ಓಟಕ್ಕಲ್ಲ.

ವಿದ್ಯುತ್ತು. ಮಳೆಗಾಲದಲ್ಲಿ ಉತ್ತರ ಕನ್ನಡದಲ್ಲಿ ಐದು ಗಂಟೆ ಎಡೆಬಿಡದೆ ಕರೆಂಟ್ ಇರುತ್ತದೆ ಎಂದು ನಂಬಿ ಪ್ರಯೋಗಕ್ಕೆ ಕೂರುವುದು ಜಾಣತನವಲ್ಲ. ಕರೆಂಟ್ ಹೋದಾಗ ಸೆಲ್ ತಾನೇ ಬ್ಯಾಟರಿಯಂತೆ ವರ್ತಿಸಿ, ಆರಿದ ಪವರ್ ಸಪ್ಲೈ ಮೂಲಕ ಉಲ್ಟಾ ಹರಿಸುತ್ತದೆ. ಆಗ ಕ್ಯಾಥೋಡಿನ ತವರ ಕರಗುತ್ತದೆ. ಆದ್ದರಿಂದ 12 ವೋಲ್ಟ್, 7 ಆಂಪಿಯರ್ ಅವರ್ ಯು.ಪಿ.ಎಸ್. ಬ್ಯಾಟರಿ, ಅದರ ಮುಂದೆ ಎಲ್‌ಎಂ 317 ಎಂಬ ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಐಸಿ, ಅದರ ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲುಗಳ ನಡುವೆ 12 ಓಮ್ ರೆಸಿಸ್ಟರ್. 1.25 ವೋಲ್ಟನ್ನು 12ರಿಂದ ಭಾಗಿಸಿದರೆ 104 ಮಿಲಿ ಆಂಪಿಯರ್, ಅಂದರೆ ಚದರ ಸೆಂ.ಮೀ.ಗೆ 10ರ ಆಸುಪಾಸು. ಮುಂದೆ ಸರಣಿಯಲ್ಲಿ ಒಂದು 1ಎನ್ 5819 ಡಯೋಡ್, ಉಲ್ಟಾ ಹರಿವು ತಡೆಯಲು. ಐಸಿ ಮುಕ್ಕಾಲು ವಾಟ್ ಶಾಖ ಉಗುಳುತ್ತದೆ, ಸಣ್ಣ ಹೀಟ್‌ಸಿಂಕ್ ಇರಲಿ.

ಕರೆಂಟನ್ನು ಇದಕ್ಕಿಂತ ಹೆಚ್ಚಿಸುವ ಆಸೆ ಬರುತ್ತದೆ. ಪ್ರಯೋಜನವಿಲ್ಲ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಇಂಗಾಲದ ಡೈಆಕ್ಸೈಡ್ ಸುಮಾರು 34 ಮಿಲಿ ಮೋಲ್, ಕಾರವಾರದ 30 ಡಿಗ್ರಿಯಲ್ಲಿ 30. ತಗಡಿನ ಹತ್ತಿರ ಅದು ಬಂದು ತಲುಪುವ ವೇಗಕ್ಕಿಂತ ಹೆಚ್ಚು ಎಲೆಕ್ಟ್ರಾನ್ ತಳ್ಳಿದರೆ ಅವು ನೀರನ್ನೇ ಒಡೆಯುತ್ತವೆ. ಬಂದರಿನಲ್ಲಿ ಮೀನಿಗೆ ಹಾಕುವ ಐಸ್ ತಂದು ಸೆಲ್ ಸುತ್ತ ಬೋಗುಣಿಯಲ್ಲಿ ಸುರಿದು 20 ಡಿಗ್ರಿಗೆ ಇಳಿಸಿದರೆ 39 ಮಿಲಿ ಮೋಲ್ ಸಿಗುತ್ತದೆ. ಈ ಇಡೀ ಕಟ್ಟೋಣದಲ್ಲಿ ಇಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಎರಡೂ ಕೋಣೆಗೆ ತಲಾ 120 ಮಿ.ಲೀ. ದ್ರಾವಣ. ಅರ್ಧ ಗಂಟೆ ಅನಿಲ ಹಾಯಿಸಿದ ಮೇಲೆ ಕ್ಯಾಥೋಡ್ ಕೋಣೆಯ ಪಿಎಚ್ 7.2ರ ಹತ್ತಿರ ನಿಲ್ಲಬೇಕು. 8ರ ಮೇಲೆಯೇ ಇದ್ದರೆ ಅನಿಲ ಸರಿಯಾಗಿ ಕರಗುತ್ತಿಲ್ಲ. ಬೆಳ್ಳಿ ಕ್ಲೋರೈಡ್ ರೆಫರೆನ್ಸ್ ಎಲೆಕ್ಟ್ರೋಡ್ (ವೋಲ್ಟೇಜ್ ಹೋಲಿಸಿ ಅಳೆಯಲು ಬಳಸುವ, ತಾನು ಕದಲದ ಎಲೆಕ್ಟ್ರೋಡ್) ಇದ್ದರೆ ಕ್ಯಾಥೋಡ್ ಅದರ ಎದುರು ಮೈನಸ್ 1.6ರಿಂದ 1.8 ವೋಲ್ಟ್ ನಡುವೆ ಕಾಣಬೇಕು. ಇಲ್ಲದಿದ್ದರೆ ಸೆಲ್‌ನ ಒಟ್ಟು ವೋಲ್ಟೇಜ್ ಬರೆದಿಡಿ. ಎಲೆಕ್ಟ್ರೋಡ್‌ಗಳ ಅಂತರ 3 ಸೆಂ.ಮೀ. ಇದ್ದಾಗ 3.5ರ ಆಸುಪಾಸು ಬರುತ್ತದೆ.

ಈ ಅಂಕಿಯೇ ಸೆಲ್‌ನ ನಾಡಿ. ಏರಿದರೆ ಎಲ್ಲೋ ತಡೆ ಹೆಚ್ಚಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಇಳಿದರೆ ಸುಧಾರಿಸಿತು ಎಂದು ಹಿಗ್ಗುತ್ತಾರೆ, ಅಲ್ಲೇ ಮೋಸ. ಅದೇ ಕರೆಂಟಿಗೆ ವೋಲ್ಟೇಜ್ 3.5ರಿಂದ 3.1ಕ್ಕೆ ಜಾರಿದರೆ ಕ್ಯಾಥೋಡ್ ಮೇಲೆ ಹೈಡ್ರೋಜನ್‌ಗೆ ಸುಲಭದ ದಾರಿ ಸಿಕ್ಕಿದೆ ಎಂದರ್ಥ. ತಗಡನ್ನು ಬೆಳಕಿಗೆ ಹಿಡಿದು ನೋಡಿ. ಹಳದಿ ಛಾಯೆಯ ಮೇಲೆ ಕಂದುಗಪ್ಪು ಚುಕ್ಕೆಗಳು, ಸಾಮಾನ್ಯವಾಗಿ ಕೆಳ ಅಂಚಿನಿಂದ ಶುರು, ಪ್ರತಿ ಚುಕ್ಕೆಯಿಂದ ದಾರದಂತೆ ಸಣ್ಣ ಗುಳ್ಳೆಗಳ ಸಾಲು. ಕಬ್ಬಿಣ ಕೂತಿದೆ. ಉಜ್ಜಿ ತೆಗೆದರೆ ಆಕ್ಸೈಡೂ ಹೋಗುತ್ತದೆ. ಉಜ್ಜಿದ ಮೇಲೆ ಮತ್ತೆ ಆರು ಗಂಟೆ ಒಲೆ, ಬೇರೆ ದಾರಿಯಿಲ್ಲ.

ಕಾರವಾರಕ್ಕೇ ವಿಶೇಷವಾದ ಇನ್ನೊಂದು ಕಾಟ ಕ್ರೊಕೊಡೈಲ್ ಕ್ಲಿಪ್. ಬೈಕಾರ್ಬನೇಟ್ ದ್ರಾವಣ ಬಾಲವನ್ನು ಹಿಡಿದು ತೆವಳುತ್ತಾ ಮೇಲೇರಿ ಬಿಳಿ ಹೊಟ್ಟು ಕಟ್ಟುತ್ತದೆ. ಉಪ್ಪುಗಾಳಿಗೆ ಕ್ಲಿಪ್‌ನ ಹಿತ್ತಾಳೆ ಕಿಲುಬು ಹಿಡಿದು ಆ ಹೊಟ್ಟು ಹಸಿರಾಗುತ್ತದೆ. ಒಂದು ಹನಿ ಒಳಗೆ ಇಳಿದರೆ ತಾಮ್ರ, ಸತು ಎರಡೂ ದ್ರಾವಣಕ್ಕೆ. ಬಾಲದ ಅರಾಲ್ಡೈಟ್ ಮೇಲೆ ಸಿಲಿಕೋನ್ ಗ್ರೀಸಿನ ಒಂದು ಉಂಗುರ ಹಚ್ಚಿದರೆ ತೆವಳುವುದು ಅಲ್ಲಿಗೆ ನಿಲ್ಲುತ್ತದೆ. ಕ್ಲಿಪ್ ಸೆಲ್‌ನ ನೇರ ಮೇಲೆ ಇರದಂತೆ ಬಾಲವನ್ನು ಹೊರಕ್ಕೆ ಬಗ್ಗಿಸಿ.

ಆನೋಡ್ ಕಡೆಯ ದ್ರಾವಣವನ್ನು ಮರೆಯಬೇಡಿ. ಐದು ಗಂಟೆಯಲ್ಲಿ 1872 ಕೂಲಂಬ್ ಹರಿಯುತ್ತದೆ, ಅಷ್ಟಕ್ಕೆ 19.4 ಮಿಲಿ ಮೋಲ್ ಪೊಟ್ಯಾಸಿಯಂ ಮೆಂಬ್ರೇನ್ ದಾಟಿ ಕ್ಯಾಥೋಡ್ ಕಡೆ ಹೋಗುತ್ತದೆ. ಆನೋಡ್ ಕೋಣೆಯಲ್ಲಿ ಇದ್ದದ್ದೇ 60. ಬದಲಿಸದೆ ಮೂರು ಓಟ ಓಡಿಸಿದರೆ ಆ ಕೋಣೆ ಬರೀ ನೀರಾಗಿ ವೋಲ್ಟೇಜ್ ಗಗನಕ್ಕೇರುತ್ತದೆ. ಪ್ರತಿ ಓಟಕ್ಕೂ ಹೊಸದು.

ಅಳೆಯುವುದು. ಐದು ಗಂಟೆಯ ನಂತರ ಕ್ಯಾಥೋಡ್ ಕೋಣೆಯಿಂದ 5 ಮಿ.ಲೀ. ಪಿಪೆಟ್ ಮಾಡಿ, ಒಂದು ಗ್ರಾಂ ಸೋಡಿಯಂ ಕಾರ್ಬನೇಟ್, 25 ಮಿ.ಲೀ. 0.02 ಮೋಲಾರ್ ಪರ್ಮ್ಯಾಂಗನೇಟ್ ಹಾಕಿ 70 ಡಿಗ್ರಿಯಲ್ಲಿ ಹದಿನೈದು ನಿಮಿಷ ಕಾಯಿಸಿ. ಕಂದು ಗಸಿ ಬೀಳಬೇಕು, ಮೇಲಿನ ನೀರು ನೇರಳೆಯಾಗಿಯೇ ಉಳಿಯಬೇಕು. ತಣಿಸಿ, 2 ಮೋಲಾರ್ ಗಂಧಕಾಮ್ಲ 20 ಮಿ.ಲೀ. ನಿಧಾನವಾಗಿ ಹಾಕಿ. ನೊರೆ ಪೂರ್ತಿ ಇಳಿದ ಮೇಲೆ ಮಾತ್ರ ಎರಡು ಗ್ರಾಂ ಪೊಟ್ಯಾಸಿಯಂ ಅಯೋಡೈಡ್. ಅವಸರಪಟ್ಟರೆ ಉಕ್ಕುವ ಅನಿಲ ಅಯೋಡಿನ್ನನ್ನು ಹೊತ್ತೊಯ್ದು ಫಾರ್ಮೇಟ್ ಇಲ್ಲದಿದ್ದರೂ ಇದ್ದಂತೆ ತೋರಿಸುತ್ತದೆ. ಮುಚ್ಚಿ ಐದು ನಿಮಿಷ ಕತ್ತಲಲ್ಲಿಟ್ಟು 0.1 ಮೋಲಾರ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿ. ಸ್ಟಾರ್ಚ್ ಇಲ್ಲದಿದ್ದರೆ ಬೆಳ್ತಿಗೆ ಅನ್ನದ ಗಂಜಿ ತಿಳಿ ಆಗುತ್ತದೆ. ಕೆಂಪು ಕುಚಲಕ್ಕಿಯದು ಬೇಡ, ಕೊನೆಯ ಬಣ್ಣ ಗೊಂದಲವಾಗುತ್ತದೆ. ಓಟಕ್ಕೆ ಮೊದಲಿನ ದ್ರಾವಣದಿಂದಲೂ 5 ಮಿ.ಲೀ. ತೆಗೆದು ಇದೇ ರೀತಿ ಖಾಲಿ ಟೈಟ್ರೇಷನ್ ಮಾಡಿಡಿ.

ಒಂದು ಓಟದ ಲೆಕ್ಕ: ಖಾಲಿಗೆ 25.0, ಮಾದರಿಗೆ 20.3 ಮಿ.ಲೀ. ವ್ಯತ್ಯಾಸ 4.7, ಅಂದರೆ 0.47 ಮಿಲಿ ಮೋಲ್ ಎಲೆಕ್ಟ್ರಾನ್, ಅದರ ಅರ್ಧ 0.235 ಮಿಲಿ ಮೋಲ್ ಫಾರ್ಮೇಟ್. 120 ಮಿ.ಲೀ.ಗೆ 5.64. ಹರಿದ ವಿದ್ಯುತ್ತೆಲ್ಲ ಫಾರ್ಮೇಟ್ ಆಗಿದ್ದರೆ 9.70 ಸಿಗಬೇಕಿತ್ತು. ಶೇಕಡಾ 58. ಕಲಾಯಿ ತಗಡಿಗೆ ಇದು ಮರ್ಯಾದೆಯ ಅಂಕ. 20ರ ಕೆಳಗೆ ಬಂದರೆ ಆಕ್ಸೈಡ್ ಇಲ್ಲ ಅಥವಾ ಕಬ್ಬಿಣ ಇದೆ.

ಆಮ್ಲದ ಲೆಕ್ಕದಲ್ಲಿ ಸಿಕ್ಕಿದ್ದು 0.26 ಗ್ರಾಂ, ಸೆಲ್ ನುಂಗಿದ್ದು 1.8 ವಾಟ್ ಅವರ್. ಕಿಲೋಗೆ 7 ಯೂನಿಟ್. ಎಲ್‌ಎಂ 317 ಸುಮ್ಮನೆ ಸುಟ್ಟದ್ದನ್ನೂ ಸೇರಿಸಿದರೆ ಬ್ಯಾಟರಿಯಿಂದ ಹೋದದ್ದು ಕಿಲೋಗೆ 24. ಒಂದು ಕಿಲೋ ಫಾರ್ಮಿಕ್ ಆಸಿಡ್ ಹಿಡಿದಿಡುವ ಇಂಗಾಲದ ಡೈಆಕ್ಸೈಡ್ 0.96 ಕಿಲೋ. ದೇಶದ ಗ್ರಿಡ್‌ನ ಒಂದು ಯೂನಿಟ್‌ಗೆ ಸರಾಸರಿ 0.7 ಕಿಲೋದಷ್ಟು ಹೊರಬರುತ್ತದೆ, ಅಂದರೆ 7 ಯೂನಿಟ್‌ಗೇ 5 ಕಿಲೋ. ಕದ್ರಾದ ಜಲವಿದ್ಯುತ್ ಮಗ್ಗುಲಲ್ಲೇ ಇದೆಯಲ್ಲ ಎನ್ನುವಂತಿಲ್ಲ, ಗ್ರಿಡ್ ಎಲ್ಲರಿಗೂ ಒಂದೇ. ಬ್ಯಾಟರಿಯನ್ನು ಸೋಲಾರ್ ಫಲಕದಿಂದಲೇ ತುಂಬಿಸಿದರೆ ಮಾತ್ರ ಈ ಲೆಕ್ಕದ ಮುಖ ಬದಲಾಗುತ್ತದೆ.

ಶಿರಸಿ ಕಡೆಯ ತೋಟದ ಮನೆಗಳಿಗೆ ಗೋಬರ್ ಗ್ಯಾಸ್‌ನ ಯೋಚನೆ ಬರುವುದು ಸಹಜ. ಅದರಲ್ಲಿ 30ರಿಂದ 40 ಶೇಕಡಾ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಮೀಥೇನ್ ತವರಕ್ಕೆ ಏನೂ ಮಾಡುವುದಿಲ್ಲ, ಸುಮ್ಮನೆ ಹಾದುಹೋಗುತ್ತದೆ. ಆದರೆ ಕರಗುವ ಪ್ರಮಾಣ ಮೂರನೇ ಒಂದಕ್ಕೆ ಇಳಿಯುವುದರಿಂದ ಕರೆಂಟನ್ನೂ ಇಳಿಸಬೇಕು: 12 ಓಮ್ ತೆಗೆದು 33 ಓಮ್ ಹಾಕಿ, 38 ಮಿಲಿ ಆಂಪಿಯರ್ ಬರುತ್ತದೆ. ಕ್ಯಾಥೋಡ್ ಕೋಣೆಯಿಂದ ಹೊರಬರುವುದು ಮೀಥೇನ್ ಮತ್ತು ಹೈಡ್ರೋಜನ್, ಆನೋಡ್‌ನಿಂದ ಆಮ್ಲಜನಕ. ಎರಡರ ಕೊಳವೆಗಳು ಬೇರೆಬೇರೆ ದಿಕ್ಕಿಗೆ, ಮನೆಯ ಹೊರಗೆ, ಬಚ್ಚಲೊಲೆಯಿಂದ ದೂರ. ಕೊಟ್ಟಿಗೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ತವರವನ್ನು ಕಪ್ಪು ಮಾಡಿ ಕೆಡಿಸುತ್ತದೆ. ಎರಡಿಂಚು ಪಿವಿಸಿ ಪೈಪಿನಲ್ಲಿ ಅರ್ಧ ಮೀಟರ್ ಉದ್ದ ತುಕ್ಕು ಹಿಡಿದ ಕಬ್ಬಿಣದ ನಾರು ತುಂಬಿ, ಮೊದಲು ಅದರಲ್ಲಿ ಹಾಯಿಸಿ, ಆಮೇಲೆ ನೀರಿನ ಬಾಟಲಿಯಲ್ಲಿ ತೊಳೆದು ಸೆಲ್‌ಗೆ ಬಿಡಿ. ಬಾಟಲಿಯ ಬಾಯಲ್ಲಿ ಲೆಡ್ ಅಸಿಟೇಟ್ ಕಾಗದದ ಚೂರು ತೂಗುಹಾಕಿ. ಅದು ಕಂದಾದ ದಿನ ನಾರು ಬದಲಿಸಬೇಕು. ತೆಗೆದ ನಾರನ್ನು ನೀರು ಚಿಮುಕಿಸಿ ಬಯಲಿನಲ್ಲಿ ಹರಡಿ. ಒಣಗಿಸಿ ಗೋಣಿಚೀಲಕ್ಕೆ ತುಂಬಿ ಅಡಕೆ ಸಿಪ್ಪೆಯ ರಾಶಿಯ ಪಕ್ಕ ಇಟ್ಟರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ.